ಪ್ರಾಥಮಿಕ ಶಾಲೆಗಳಲ್ಲಿ ಮೌಲ್ಯಮಾಪನ ಮತ್ತು ಆಪ್ತಸಮಾಲೋಚನೆ: ಪೋಷಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಪ್ರಾಥಮಿಕ ಶಾಲೆಯಲ್ಲಿ ವ್ಯಾಸಂಗ ಮಾಡುತ್ತಿರುವ ಮಗುವಿನ ಪ್ರಗತಿ ಪತ್ರವು ಪ್ರತಿ ವರ್ಷ ಕೆಲವು ಬಾರಿ ಪೋಷಕರ ಸಹಿಗಾಗಿ ಮನೆಗೆ ಬರುತ್ತದೆ. ಬಹುತೇಕ ಮನೆಗಳಲ್ಲಿ ಅಂಕ ಅಥವಾ ಶ್ರೇಣಿಯನ್ನು ನೋಡಿ, ಸಹಿ ಮಾಡಿ, ಅದನ್ನು ಶಾಲೆಗೆ ಮರಳಿಸಲಾಗುತ್ತದೆ. ಸದರಿ ಪತ್ರದಲ್ಲಿ ನಮೂದಾಗಿರುವ ಶ್ರೇಣಿಯು ಮಗುವಿಗೆ ಯಾವ ಬಗೆಯ ನೆರವು ಅವಶ್ಯವಿದೆ ಎಂಬುದರ ಸೂಚನೆಯೂ ಹೌದು ಎಂಬ ಅಂಶವು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ.

ಮಗುವಿನ ಕಲಿಕೆಯನ್ನು ಅಳೆಯುವ ಮೌಲ್ಯಮಾಪನ ಮತ್ತು ಮಗುವಿನ ಕಷ್ಟವನ್ನು ಆಲಿಸಿ ದಾರಿ ತೋರುವ ಆಪ್ತಸಮಾಲೋಚನೆ, ಇವೆರಡೂ ಶಾಲಾ ವ್ಯವಸ್ಥೆಯಲ್ಲಿ ಬಹುಕಾಲದಿಂದ ಪ್ರತ್ಯೇಕ ಕೆಲಸಗಳಾಗಿ ನಡೆದುಬಂದಿವೆ. 2019 ರಿಂದ 2025 ರವರೆಗೆ ಬಂದ ಶಾಸನ ತಿದ್ದುಪಡಿ, ನಿಯಮಗಳು ಹಾಗೂ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳು ಇವೆರಡನ್ನೂ ಒಂದಕ್ಕೊಂದು ಹತ್ತಿರ ತಂದಿವೆ. ಮೌಲ್ಯಮಾಪನದ ದಾಖಲೆಯನ್ನು ಮಗುವಿನ ಬಗೆಗಿನ ತೀರ್ಪಾಗಿ ಓದಿದಲ್ಲಿ ಅದರಿಂದ ಮಗುವಿಗೆ ಪ್ರಯೋಜನವಿಲ್ಲ. ಮಗುವಿನ ಅವಶ್ಯಕತೆಯ ಬಗೆಗಿನ ಪ್ರಶ್ನೆಯಾಗಿ ಓದಿದಲ್ಲಿ ಮಾತ್ರ ಸಮಾಲೋಚನೆಗೆ ಅದು ಆಧಾರವಾಗುತ್ತದೆ. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಕಾನೂನು, ಇತ್ತೀಚಿನ ಬೆಳವಣಿಗೆಗಳು ಹಾಗೂ ಪೋಷಕರಿಗೆ ಲಭ್ಯವಿರುವ ಸೌಲಭ್ಯಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

ಕಾನೂನಿನ ಚೌಕಟ್ಟು

6 ರಿಂದ 14 ವರ್ಷ ವಯೋಮಾನದ ಮಕ್ಕಳಿಗೆ ಸಂಬಂಧಿಸಿದ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010 ರಿಂದ ಜಾರಿಯಲ್ಲಿದೆ. ಪಠ್ಯಕ್ರಮ ಮತ್ತು ಮೌಲ್ಯಮಾಪನ ಪದ್ಧತಿಯನ್ನು ರೂಪಿಸುವಾಗ ಪಾಲಿಸಬೇಕಾದ ತತ್ವಗಳನ್ನು ಇದರ 29ನೇ ಪ್ರಕರಣದಲ್ಲಿ ಪಟ್ಟಿ ಮಾಡಲಾಗಿದೆ. ಮಗುವನ್ನು ಭಯ, ಆಘಾತ ಮತ್ತು ಆತಂಕದಿಂದ ಮುಕ್ತಗೊಳಿಸಿ ಮುಕ್ತವಾಗಿ ಅಭಿಪ್ರಾಯ ಹೇಳಲು ನೆರವಾಗುವುದು ಈ ಪಟ್ಟಿಯ ಒಂದು ಅಂಶ. ಮಗುವಿನ ಗ್ರಹಿಕೆ ಹಾಗೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನು ವ್ಯಾಪಕವಾಗಿ ಮತ್ತು ನಿರಂತರವಾಗಿ ಮೌಲ್ಯಮಾಪನ ಮಾಡುವುದು ಅದರ ಮರು ಅಂಶ. ಶಾಸನದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿಯೇ ಇರುವುದು ಗಮನಾರ್ಹ. ಅಳತೆ ಮಾಡುವ ಕೆಲಸವು ಮಗುವಿನಲ್ಲಿ ಭಯ ಹುಟ್ಟಿಸುವಂತಿದ್ದರೆ ಅದು ಶಾಸನದ ಆಶಯಕ್ಕೆ ಅನುಗುಣವಾಗಿಲ್ಲವೆಂದೇ ಅರ್ಥ.

ಇದೇ ಅಧಿನಿಯಮದ 24ನೇ ಪ್ರಕರಣದನ್ವಯ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿತು ಅವಶ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ. ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ, ಪ್ರಗತಿ ಹಾಗೂ ಇತರ ಸಂಬಂಧಪಟ್ಟ ಮಾಹಿತಿಯನ್ನು ತಿಳಿಸುವುದೂ ಕರ್ತವ್ಯವೇ. ಆದ್ದರಿಂದ ಮಗುವಿನ ಸ್ಥಿತಿಗತಿಯನ್ನು ವಿಚಾರಿಸುವ ಪೋಷಕರು ಶಾಲೆಯಿಂದ ಉಪಕಾರವನ್ನು ಬೇಡುತ್ತಿಲ್ಲ, ಶಾಸನಬದ್ಧ ಮಾಹಿತಿಯನ್ನು ಕೋರುತ್ತಿದ್ದಾರೆ. 17ನೇ ಪ್ರಕರಣವು ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ದಿನಾಂಕ 19-4-2017 ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ರ 16ನೇ ಪ್ರಕರಣದಲ್ಲಿ, ಮಕ್ಕಳಲ್ಲಿರುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗನೆ ಗುರುತಿಸಿ, ಬೋಧನಾ ಕ್ರಮದಲ್ಲಿ ಸೂಕ್ತ ಬದಲಾವಣೆ ಮಾಡತಕ್ಕದ್ದೆಂದು ತಿಳಿಸಲಾಗಿದೆ.

ಪರೀಕ್ಷೆ ಕುರಿತ ಇತ್ತೀಚಿನ ಬೆಳವಣಿಗೆಗಳು

ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂಬ ಮೂಲ ನಿಯಮವನ್ನು 2019 ರ ತಿದ್ದುಪಡಿಯು ಸಡಿಲಿಸಿತು. ಅದರಂತೆ 5 ಮತ್ತು 8ನೇ ತರಗತಿಗಳಲ್ಲಿ ನಿಯತ ಪರೀಕ್ಷೆ ನಡೆಸಿ, ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದ ಮಗುವನ್ನು ಉಳಿಸಿಕೊಳ್ಳುವ ಬಗ್ಗೆ ನಿರ್ಧರಿಸುವ ಅವಕಾಶವು ಸಂಬಂಧಪಟ್ಟ ಸರ್ಕಾರಗಳಿಗೆ ದೊರೆಯಿತು.

ಕರ್ನಾಟಕದಲ್ಲಿ 2023-24ನೇ ಸಾಲಿಗೆ 5, 8, 9 ಮತ್ತು 11ನೇ ತರಗತಿಗಳಿಗೆ ಮಂಡಳಿಯ ಮೂಲಕ ಮೌಲ್ಯಾಂಕನ ನಡೆಸುವ ಕ್ರಮವು ನ್ಯಾಯಾಲಯದ ಮೆಟ್ಟಿಲೇರಿತ್ತು. ದಿನಾಂಕ 6-3-2024 ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಸಂಬಂಧಿತ ಅಧಿಸೂಚನೆಗಳನ್ನು ರದ್ದುಪಡಿಸಿತು. ದಿನಾಂಕ 22-3-2024 ರಂದು ವಿಭಾಗೀಯ ಪೀಠವು ಪರೀಕ್ಷೆಗೆ ಅನುಮತಿ ನೀಡಿತು. ದಿನಾಂಕ 8-4-2024 ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೆ ಸಂಬಂಧಿಸಿದಂತೆ ತಡೆಯಾಜ್ಞೆ ನೀಡಿತು. ಈ ಅವಧಿಯಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ದಿನ ಕಳೆಯುವಂತಾಯಿತು. ವಾದ ನಡೆದದ್ದು ಪರೀಕ್ಷೆಯನ್ನು ನಡೆಸುವ ಅಧಿಕಾರ ಮತ್ತು ವಿಧಾನದ ಬಗ್ಗೆ. ಪರೀಕ್ಷೆಯ ನಂತರ ಮಗುವಿಗೆ ಏನು ನೆರವು ದೊರೆಯುತ್ತದೆ ಎಂಬ ಪ್ರಶ್ನೆಗೆ ಸಾರ್ವಜನಿಕ ಚರ್ಚೆಯಲ್ಲಿ ಅಷ್ಟು ಸ್ಥಾನ ದೊರೆಯಲಿಲ್ಲ.

ಈ ಪ್ರಶ್ನೆಗೆ ಭಾಗಶಃ ಉತ್ತರವು 2024 ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ತಿದ್ದುಪಡಿ ನಿಯಮಗಳಲ್ಲಿದೆ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ ಮುಂತಾದ ಕೇಂದ್ರ ಸರ್ಕಾರದ ಅಧೀನ ಶಾಲೆಗಳಿಗೆ ಅನ್ವಯಿಸುವ ಸದರಿ ನಿಯಮಗಳ ಪ್ರಕಾರ, 5 ಅಥವಾ 8ನೇ ತರಗತಿಯಲ್ಲಿ ತೇರ್ಗಡೆಯಾಗದ ಮಗುವಿಗೆ ಹೆಚ್ಚುವರಿ ಬೋಧನೆ ನೀಡಿ, ಫಲಿತಾಂಶ ಪ್ರಕಟವಾದ ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕಲ್ಪಿಸತಕ್ಕದ್ದು. ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದೆ ಉಳಿದ ಮಗುವಿಗೆ, ಅವಶ್ಯವಿದ್ದಲ್ಲಿ ಪೋಷಕರಿಗೂ, ತರಗತಿ ಶಿಕ್ಷಕರು ಮಾರ್ಗದರ್ಶನ ನೀಡತಕ್ಕದ್ದು; ಮೌಲ್ಯಮಾಪನದ ವಿವಿಧ ಹಂತಗಳಲ್ಲಿ ಕಂಡುಬಂದ ಕಲಿಕಾ ಅಂತರವನ್ನು ಗುರುತಿಸಿ ವಿಶೇಷ ನೆರವು ಒದಗಿಸತಕ್ಕದ್ದು. ಅಂತಹ ಮಕ್ಕಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ನಿರ್ವಹಿಸಿ ಖುದ್ದಾಗಿ ಪ್ರಗತಿಯನ್ನು ಪರಿಶೀಲಿಸತಕ್ಕದ್ದು. ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ.

ಮೌಲ್ಯಮಾಪನದ ದಾಖಲೆ ಮತ್ತು ಮಾರ್ಗದರ್ಶನವನ್ನು ಈ ನಿಯಮವು ಒಂದೇ ವಾಕ್ಯದಲ್ಲಿ ಜೋಡಿಸಿರುವುದು ಸ್ವಾಗತಾರ್ಹ. ಆದರೆ ಇಲ್ಲಿ ಮಾರ್ಗದರ್ಶನವು ಕಡ್ಡಾಯವಾಗುವುದು ಮಗು ಎರಡು ಬಾರಿ ವಿಫಲವಾದ ನಂತರ. ಎರಡನೇ ತರಗತಿಯಲ್ಲಿಯೇ ಕಾಣಿಸಿಕೊಂಡ ತೊಂದರೆಗೆ ಐದನೇ ತರಗತಿಯ ಮರುಪರೀಕ್ಷೆಯವರೆಗೆ ಕಾಯುವುದು ಸಮಂಜಸವಾಗಲಾರದು.

ಆಪ್ತಸಮಾಲೋಚಕರು ಮತ್ತು ಸಣ್ಣ ಶಾಲೆಗಳು

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ದಿನಾಂಕ 25-7-2025 ರಂದು 15 ಮಾರ್ಗಸೂಚಿಗಳನ್ನು ನೀಡಿದೆ. ಸೂಕ್ತ ಶಾಸನ ರೂಪುಗೊಳ್ಳುವವರೆಗೆ ಇವು ಶಾಲೆಗಳೂ ಸೇರಿದಂತೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುತ್ತವೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರತಕ್ಕದ್ದು. 100 ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಸಂಸ್ಥೆಯು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ವ್ಯವಸ್ಥೆಯನ್ನು ಏರ್ಪಡಿಸಿಕೊಳ್ಳತಕ್ಕದ್ದು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸುವುದು ಹಾಗೂ ಎಲ್ಲರೆದುರು ಅವಮಾನಿಸುವುದು ಸಲ್ಲದು ಎಂದೂ ತಿಳಿಸಲಾಗಿದೆ.

ನಮ್ಮ ರಾಜ್ಯದ ಅನೇಕ ಗ್ರಾಮೀಣ ಕಿರಿಯ ಪ್ರಾಥಮಿಕ ಶಾಲೆಗಳು ಈ ಎರಡನೇ ವರ್ಗಕ್ಕೆ ಸೇರುತ್ತವೆ. ಒಬ್ಬರು ಅಥವಾ ಇಬ್ಬರು ಶಿಕ್ಷಕರೇ ಎಲ್ಲ ತರಗತಿಗಳನ್ನೂ ನಿರ್ವಹಿಸುವ ಇಂತಹ ಶಾಲೆಯಲ್ಲಿ ಪ್ರತ್ಯೇಕ ಆಪ್ತಸಮಾಲೋಚಕರನ್ನು ನಿರೀಕ್ಷಿಸಲಾಗದು. ಯಾವ ಮಗುವನ್ನು, ಯಾವಾಗ, ಯಾವ ತಜ್ಞರ ಬಳಿಗೆ ಕಳುಹಿಸಬೇಕೆಂಬ ನಿರ್ಧಾರವು ಅಲ್ಲಿ ತರಗತಿ ಶಿಕ್ಷಕರದ್ದೇ ಆಗಿರುತ್ತದೆ. ಆ ನಿರ್ಧಾರಕ್ಕೆ ಅವರ ಬಳಿ ಇರುವ ಮುಖ್ಯ ಆಧಾರವೆಂದರೆ ಅವರೇ ಬರೆದಿಟ್ಟ ಮೌಲ್ಯಮಾಪನ ದಾಖಲೆ ಮತ್ತು ಹಾಜರಾತಿ ಪುಸ್ತಕ.

ರಾಷ್ಟ್ರಮಟ್ಟದ ಮಾಹಿತಿಯಲ್ಲಿಯೂ ಚಿಕ್ಕ ಮಕ್ಕಳ ವಿಷಯದಲ್ಲಿ ಕೊರತೆ ಇದೆ. ಎನ್.ಸಿ.ಇ.ಆರ್.ಟಿ. ಸಂಸ್ಥೆಯು 2022 ರಲ್ಲಿ ಪ್ರಕಟಿಸಿದ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 3.79 ಲಕ್ಷ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಆತಂಕಕ್ಕೆ ಕಾರಣವಾಗಿ ಶೇ. 50 ರಷ್ಟು ಮಂದಿ ಓದನ್ನು, ಶೇ. 31 ರಷ್ಟು ಮಂದಿ ಪರೀಕ್ಷೆ ಮತ್ತು ಫಲಿತಾಂಶವನ್ನು ಹೆಸರಿಸಿದ್ದರು. ಆದರೆ ಈ ಸಮೀಕ್ಷೆಯು 6 ರಿಂದ 12ನೇ ತರಗತಿಗಳಿಗೆ ಸೀಮಿತವಾಗಿತ್ತು. ಪ್ರಶ್ನಾವಳಿಗೆ ಉತ್ತರ ಬರೆಯಲಾರದ ಒಂದನೇ ಅಥವಾ ಎರಡನೇ ತರಗತಿಯ ಮಗುವಿನ ಆತಂಕವು ಇಂತಹ ಸಮೀಕ್ಷೆಗಳಿಗಿಂತ ಶಿಕ್ಷಕರ ದಿನನಿತ್ಯದ ಅವಲೋಕನದಲ್ಲಿಯೇ ಮೊದಲು ಕಾಣುತ್ತದೆ.

ಒಂದೇ ಶ್ರೇಣಿ, ಬೇರೆ ಬೇರೆ ಕಾರಣಗಳು

ಉದಾಹರಣೆಗೆ, ನಾಲ್ಕನೇ ತರಗತಿಯ ಐದು ಮಕ್ಕಳು ಕನ್ನಡ ವಿಷಯದಲ್ಲಿ ಒಂದೇ ಕೆಳ ಶ್ರೇಣಿಯನ್ನು ಪಡೆದಿದ್ದಾರೆಂದು ಭಾವಿಸೋಣ. ಮೊದಲನೆಯ ಮಗು ಪುಸ್ತಕವನ್ನು ಸರಾಗವಾಗಿ ಓದುತ್ತದೆ, ಆದರೆ ಕಪ್ಪುಹಲಗೆಯಿಂದ ಬರೆದುಕೊಂಡದ್ದೆಲ್ಲ ತಪ್ಪಾಗಿರುತ್ತದೆ. ಈ ಮಗುವಿಗೆ ಬೇಕಾಗಿರುವುದು ಕಣ್ಣಿನ ತಪಾಸಣೆ. ಎರಡನೆಯ ಮಗುವಿನ ಮನೆಮಾತು ಲಂಬಾಣಿ. ಶಾಲೆಯ ಕನ್ನಡಕ್ಕೆ ಹೊಂದಿಕೊಳ್ಳಲು ಇನ್ನಷ್ಟು ಕಾಲಾವಕಾಶ ಬೇಕಾಗಿದೆ. ಮೂರನೆಯ ಮಗುವಿನ ಕುಟುಂಬವು ಕಬ್ಬು ಕಟಾವಿಗೆ ಗುಳೆ ಹೋಗಿದ್ದು, ಹಾಜರಾತಿ ಪುಸ್ತಕದಲ್ಲಿ ಮೂರು ತಿಂಗಳು ಖಾಲಿ ಇದೆ. ಇಲ್ಲಿ ವಿಶೇಷ ತರಬೇತಿ ಹಾಗೂ ಋತುಮಾನ ವಸತಿ ಸೌಲಭ್ಯದ ಪ್ರಶ್ನೆ ಬರುತ್ತದೆ. ನಾಲ್ಕನೆಯ ಮಗು ಮೌಖಿಕವಾಗಿ ಚುರುಕಾಗಿ ಉತ್ತರಿಸುತ್ತದೆ, ಬರೆಯುವಾಗ ಮಾತ್ರ ಅಕ್ಷರಗಳು ಅದಲುಬದಲಾಗುತ್ತವೆ, ಒತ್ತಕ್ಷರಗಳು ಬಿಟ್ಟುಹೋಗುತ್ತವೆ. ಕಲಿಕಾ ನ್ಯೂನತೆಯ ಪ್ರಾಥಮಿಕ ತಪಾಸಣೆ ಅವಶ್ಯ. ಐದನೆಯ ಮಗು ಹಿಂದಿನ ವರ್ಷ ಚೆನ್ನಾಗಿಯೇ ಓದುತ್ತಿದ್ದು, ಕೆಲವು ವಾರಗಳಿಂದ ಯಾರೊಂದಿಗೂ ಬೆರೆಯದೆ ಮಂಕಾಗಿದೆ; ನೇರವಾಗಿ ಆಪ್ತಸಮಾಲೋಚನೆ ಅಗತ್ಯವಿರುವ ಮಗು ಇದು.

ಐವರನ್ನೂ ಒಂದೆಡೆ ಕೂರಿಸಿ ಪುನರ್ಬೋಧನೆ ಮಾಡಿದರೆ ಐವರಿಗೂ ಪೂರ್ಣ ಪ್ರಯೋಜನವಾಗದು. ಐವರಿಗೂ ದಡ್ಡರೆಂಬ ಹಣೆಪಟ್ಟಿ ಬಿದ್ದರಂತೂ ಅದು ಐದು ಬಗೆಯ ಅನ್ಯಾಯವಾಗುತ್ತದೆ.

ರಾಜ್ಯದಲ್ಲಿ ರೂಢಿಯಲ್ಲಿರುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸಂಕಲನಾತ್ಮಕ ಮೌಲ್ಯಮಾಪನವು ಅವಧಿಯ ಕೊನೆಯ ಅಢಾವೆ ಪತ್ರಿಕೆ, ರೂಪಣಾತ್ಮಕ ಮೌಲ್ಯಮಾಪನವು ದಿನವಹಿ. ಒಟ್ಟು ನಷ್ಟ ಎಷ್ಟೆಂಬುದನ್ನು ಅಢಾವೆ ಪತ್ರಿಕೆ ತೋರಿಸುತ್ತದೆ. ಯಾವಾಗ, ಯಾವ ಬಾಬಿನಲ್ಲಿ ನಷ್ಟವಾಯಿತೆಂದು ತಿಳಿಯಲು ದಿನವಹಿಯನ್ನೇ ತೆರೆಯಬೇಕು. ರೂಪಣಾತ್ಮಕ ದಾಖಲೆಯನ್ನು ಕೇವಲ ಅಂಕ ಭರ್ತಿ ಮಾಡುವ ನಮೂನೆಯನ್ನಾಗಿ ಮಾಡಿಕೊಂಡಲ್ಲಿ ಸಮಾಲೋಚನೆಗೆ ಬೇಕಾದ ಸುಳಿವುಗಳೇ ಕಳೆದುಹೋಗುತ್ತವೆ.

ಈ ವಿಷಯದಲ್ಲಿ ನಲಿ-ಕಲಿಯ ಅನುಭವವು ಉಪಯುಕ್ತ. 1995 ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಗೊಂಡ ಈ ಪದ್ಧತಿಯಲ್ಲಿ ಮಗುವು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಏರುತ್ತದೆ. ಮೌಲ್ಯಮಾಪನವು ಕಲಿಕೆಯ ನಡುವೆಯೇ ಬರುವುದರಿಂದ ಮಗುವಿಗೆ ಪರೀಕ್ಷೆಯ ಭಯವಿರುವುದಿಲ್ಲ. ಮಗು ಯಾವ ಮೆಟ್ಟಿಲಿನಲ್ಲಿ, ಎಷ್ಟು ದಿನದಿಂದ ನಿಂತಿದೆ ಎಂಬುದು ಶಿಕ್ಷಕರಿಗೆ ಕಾಣುತ್ತದೆ. ಒಂದೇ ಮೆಟ್ಟಿಲಿನಲ್ಲಿ ಬಹುದಿನ ನಿಂತ ಮಗುವಿನೊಂದಿಗೆ ಕುಳಿತು ಕಾರಣವನ್ನು ವಿಚಾರಿಸುವುದೇ ಸಮಾಲೋಚನೆಯ ಮೊದಲ ಹಂತ.

ಸಮಾಲೋಚನೆಯ ಫಲವನ್ನು ಅಳೆಯುವ ಬಗೆ

ಮಗುವನ್ನು ಅಳೆಯುವಂತೆಯೇ ಮಗುವಿಗೆ ನೀಡಿದ ನೆರವನ್ನೂ ಅಳೆಯಬೇಕಾಗುತ್ತದೆ. ಅಮೆರಿಕದ ಶಾಲಾ ಸಮಾಲೋಚಕರ ಸಂಘವು 2003 ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮಾದರಿಯಲ್ಲಿ ಇದಕ್ಕಾಗಿ ಮೂರು ಬಗೆಯ ಮಾಹಿತಿಯನ್ನು ಗುರುತಿಸಲಾಗಿತ್ತು: ಏನು ಮಾಡಲಾಯಿತು, ಮಗುವಿನ ತಿಳಿವಳಿಕೆಯಲ್ಲಿ ಏನು ಬದಲಾಯಿತು, ಮಗುವಿನ ಹಾಜರಾತಿ, ನಡವಳಿಕೆ ಮತ್ತು ಕಲಿಕೆಯಲ್ಲಿ ಏನು ಬದಲಾಯಿತು. ಅಲ್ಲಿಯ ಶಾಲೆಗಳ ಸ್ಥಿತಿ ಬೇರೆಯಾದರೂ ಈ ವಿಂಗಡಣೆಯು ನಮ್ಮ ಶಾಲೆಗಳಿಗೂ ಹೊಂದುತ್ತದೆ.

ಹತ್ತು ಮಕ್ಕಳಿಗೆ ಸಮಾಲೋಚನೆ ನೀಡಲಾಗಿದೆ ಎಂಬ ವರದಿಯು ಮೊದಲನೆಯ ಬಗೆಯ ಮಾಹಿತಿ ಮಾತ್ರ. ಆ ಹತ್ತು ಮಕ್ಕಳಲ್ಲಿ ಎಷ್ಟು ಮಂದಿ ಮೂರು ತಿಂಗಳ ನಂತರ ನಿಯತವಾಗಿ ಶಾಲೆಗೆ ಬರುತ್ತಿದ್ದಾರೆ, ಎಷ್ಟು ಮಂದಿ ಮುಂದಿನ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಸುಧಾರಿಸಿದ್ದಾರೆ ಎಂಬುದು ಮೂರನೆಯ ಬಗೆಯದು. ಸುಧಾರಣೆ ಕಾಣದಿದ್ದಲ್ಲಿ ದೋಷವು ಮಗುವಿನದೆಂದು ತೀರ್ಮಾನಿಸುವ ಮೊದಲು ನೆರವಿನ ವಿಧಾನವನ್ನು ಬದಲಿಸಿ ನೋಡುವುದು ಸೂಕ್ತ. ಇದಕ್ಕೆ ಹೊಸ ನಮೂನೆಗಳ ಅವಶ್ಯಕತೆ ಇಲ್ಲ; ಶಾಲೆಯಲ್ಲಿ ಈಗಾಗಲೇ ಇರುವ ಹಾಜರಾತಿ ಪುಸ್ತಕ ಮತ್ತು ಪ್ರಗತಿ ದಾಖಲೆಗಳೇ ಸಾಕಾಗುತ್ತವೆ.

ಪಾಲಿಸಬೇಕಾದ ಎಚ್ಚರಿಕೆಗಳು

ಪ್ರಶ್ನಾವಳಿ ಆಧಾರಿತ ತಪಾಸಣೆಯು ರೋಗನಿರ್ಣಯವಲ್ಲ. 1997 ರಲ್ಲಿ ಪ್ರಕಟವಾದ, ಕನ್ನಡ ಭಾಷೆಯಲ್ಲಿಯೂ ಲಭ್ಯವಿರುವ ಸಾಮರ್ಥ್ಯ ಮತ್ತು ತೊಂದರೆಗಳ ಪ್ರಶ್ನಾವಳಿಯು 25 ಅಂಶಗಳ ಮೂಲಕ ಮಗುವಿನ ಭಾವನೆ, ನಡವಳಿಕೆ, ಅತಿಚಟುವಟಿಕೆ, ಗೆಳೆಯರೊಂದಿಗಿನ ಒಡನಾಟ ಮತ್ತು ಸಹಾಯ ಮನೋಭಾವವನ್ನು ಪರಿಶೀಲಿಸುತ್ತದೆ. ಇಂತಹ ಸಾಧನವು ಯಾವ ಮಗುವನ್ನು ತಜ್ಞರು ನೋಡಬೇಕು ಎಂಬುದನ್ನು ಸೂಚಿಸಬಲ್ಲದು. ಮಗುವಿಗೆ ಇಂತಹದೇ ಕಾಯಿಲೆ ಎಂದು ಹೇಳಲಾರದು.

ಗೋಪ್ಯತೆಯೂ ಅಷ್ಟೇ ಮುಖ್ಯ. ಮಗುವು ಸಮಾಲೋಚನೆಯಲ್ಲಿ ಹೇಳಿದ ವಿಷಯವನ್ನು ಪ್ರಗತಿ ಪತ್ರದಲ್ಲಿ ಬರೆಯುವುದಾಗಲಿ, ಇತರ ಪೋಷಕರಿರುವ ಸಭೆಯಲ್ಲಿ ಪ್ರಸ್ತಾಪಿಸುವುದಾಗಲಿ ಸರಿಯಲ್ಲ. ಇದಕ್ಕೆ ಒಂದು ಅಪವಾದವಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದಲ್ಲಿ, ಪೋಕ್ಸೋ ಅಧಿನಿಯಮ, 2012 ರ 19ನೇ ಪ್ರಕರಣದನ್ವಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಮಾಹಿತಿ ನೀಡುವುದು ಕಡ್ಡಾಯ.

ಪೋಷಕರು ಅನುಸರಿಸಬಹುದಾದ ಕ್ರಮಗಳು

1. ಪ್ರಗತಿ ಪತ್ರಕ್ಕೆ ಸಹಿ ಮಾಡುವ ಮೊದಲು ತರಗತಿ ಶಿಕ್ಷಕರನ್ನು ಭೇಟಿ ಮಾಡಿ ಮೂರು ವಿಷಯಗಳನ್ನು ವಿಚಾರಿಸುವುದು: ಮಗು ಯಾವ ಹಂತದಲ್ಲಿ ನಿಂತಿದೆ, ಯಾವಾಗಿನಿಂದ ನಿಂತಿದೆ, ಅದಕ್ಕಾಗಿ ಯಾವ ನೆರವು ನೀಡಲಾಗುತ್ತಿದೆ.

2. ಮನೆಯಲ್ಲಿ ಕಂಡುಬಂದ ಬದಲಾವಣೆಗಳನ್ನು, ಅಂದರೆ ನಿದ್ರೆ, ಊಟ, ಶಾಲೆಗೆ ಹೋಗಲು ಹಿಂಜರಿಕೆ, ಪದೇ ಪದೇ ಹೊಟ್ಟೆನೋವು ಮುಂತಾದವುಗಳನ್ನು ಶಿಕ್ಷಕರಿಗೆ ತಿಳಿಸುವುದು. ಈ ಮಾಹಿತಿಯು ಶಾಲೆಯ ದಾಖಲೆಯಲ್ಲಿ ದೊರೆಯುವುದಿಲ್ಲ.

3. ದೃಷ್ಟಿ, ಶ್ರವಣ ಅಥವಾ ಬೆಳವಣಿಗೆಯ ತೊಂದರೆಯ ಸಂದೇಹವಿದ್ದಲ್ಲಿ, 2013 ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡವು ಶಾಲೆಗೆ ಭೇಟಿ ನೀಡುವ ದಿನವನ್ನು ವಿಚಾರಿಸಿ ಮಗುವನ್ನು ತಪ್ಪದೆ ಹಾಜರುಪಡಿಸುವುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಈ ತಪಾಸಣೆ ಉಚಿತ.

4. ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ನಿರಂತರ ತೊಂದರೆ ಕಂಡುಬಂದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ತಪಾಸಣೆಯನ್ನು ಕೋರುವುದು. 2018 ರ ಕೇಂದ್ರ ಮಾರ್ಗಸೂಚಿಯಲ್ಲಿ ಶಾಲಾ ಹಂತದ ತಪಾಸಣೆಯನ್ನು ಮೂರನೇ ತರಗತಿ ಅಥವಾ 8 ವರ್ಷ ವಯಸ್ಸು, ಇವುಗಳಲ್ಲಿ ಯಾವುದು ಮೊದಲೋ ಆಗ ನಡೆಸುವಂತೆ ಸೂಚಿಸಲಾಗಿತ್ತು; ಮಾರ್ಗಸೂಚಿಯನ್ನು 2024 ರ ಮಾರ್ಚ್‌ನಲ್ಲಿ ಪರಿಷ್ಕರಿಸಲಾಗಿದೆ. ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ನೆರವನ್ನೂ ಕೋರಬಹುದು.

5. ಮಗುವಿನ ಮಾನಸಿಕ ಸ್ಥಿತಿಯ ಬಗ್ಗೆ ಸಲಹೆ ಬೇಕಾದಲ್ಲಿ ಟೆಲಿ-ಮಾನಸ್ ಉಚಿತ ದೂರವಾಣಿ 14416 ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಮಗುವು ಅಪಾಯದಲ್ಲಿದ್ದಲ್ಲಿ ಮಕ್ಕಳ ಸಹಾಯವಾಣಿ 1098 ಕ್ಕೆ ಕರೆ ಮಾಡತಕ್ಕದ್ದು.

6. ಶಾಲೆಯಲ್ಲಿ ಸ್ಪಂದನೆ ದೊರೆಯದಿದ್ದಲ್ಲಿ ಮೊದಲು ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ತರುವುದು. ನಂತರ ಶಿಕ್ಷಣ ಹಕ್ಕು ಅಧಿನಿಯಮದ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ಮೂರು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸತಕ್ಕದ್ದು. ತೃಪ್ತಿಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಉಪಸಂಹಾರ

ಪರೀಕ್ಷೆ ಇರಬೇಕೇ ಬೇಡವೇ ಎಂಬ ಚರ್ಚೆಯು ಮುಂದುವರಿಯಬಹುದು. ಯಾವ ಪದ್ಧತಿ ಜಾರಿಯಲ್ಲಿದ್ದರೂ, ಕೆಳ ಶ್ರೇಣಿ ಪಡೆದ ಮಗುವಿನೊಂದಿಗೆ ಫಲಿತಾಂಶದ ನಂತರದ ವಾರದಲ್ಲಿ ಯಾರು ಕುಳಿತು ಮಾತನಾಡುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಶಿಕ್ಷಕರ ದಾಖಲೆ ಮತ್ತು ಪೋಷಕರ ಅವಲೋಕನ ಎರಡೂ ಒಂದೆಡೆ ಸೇರಿದಾಗ ಮಾತ್ರ ಆ ಮಾತುಕತೆಗೆ ಆಧಾರ ದೊರೆಯುತ್ತದೆ. ಮಕ್ಕಳ ಹಿತದೃಷ್ಟಿಯಿಂದ ಪೋಷಕರು ಶಾಲೆಯ ಪೋಷಕರ ಸಭೆಗಳಲ್ಲಿ ತಪ್ಪದೆ ಭಾಗವಹಿಸಿ, ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.